ಪುಟದ ಮಾತು, ಪರದೆಯ ಮಾತು

ಕಾದಂಬರಿ ಓದಿ, ಬಳಿಕ ಅದರ ಸಿನಿಮಾ ನೋಡಿ ಹೊರಬರುವವರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ‘ಪುಸ್ತಕದಲ್ಲಿ ಹೀಗಿರಲಿಲ್ಲ.’ ನಾವೂ ಹಾಗೆ ಗೊಣಗಿದವರೇ. ಆದರೆ ಇದ್ದದ್ದನ್ನು ಇದ್ದಂತೆಯೇ ಇಳಿಸಿದರೆ ಚಿತ್ರ ಕೆಡುವುದೂ ಉಂಟು ಎಂಬುದಕ್ಕೆ ಅಮೆರಿಕದ ಒಂದು ಅಪರಾಧ ಕಥೆ ಸಾಕ್ಷಿಯಾಗಿದೆ.

ಜೇಮ್ಸ್ ಎಂ. ಕೇನ್ ಅವರ ‘ಡಬಲ್ ಇಂಡೆಮ್ನಿಟಿ’ 1936ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಕಥೆ. ಹಿರಿಯರ ಕಣ್ಣು ತಪ್ಪಿಸಿ ನಾವೆಲ್ಲ ಓದಿದ ಪತ್ತೇದಾರಿ ಕಾದಂಬರಿಗಳಂತೆ ಕೊಲೆಗಾರ ಯಾರೆಂದು ಇಲ್ಲಿ ಹುಡುಕಬೇಕಾಗಿಲ್ಲ. ಕೊಂದವನೇ ಕಥೆ ಹೇಳುತ್ತಾನೆ. ವಿಮಾ ಏಜೆಂಟನೊಬ್ಬ ಗ್ರಾಹಕನ ಹೆಂಡತಿಯ ಮೋಹಕ್ಕೆ ಬಿದ್ದು, ಅವಳೊಡಗೂಡಿ ಗಂಡನನ್ನು ಕೊಂದು, ರೈಲಿನಿಂದ ಬಿದ್ದು ಸತ್ತಂತೆ ತೋರಿಸುತ್ತಾನೆ. ಅಂಥ ಅಪಘಾತವಾದರೆ ಪಾಲಿಸಿಯ ಹಣ ಇಮ್ಮಡಿ. ಕಥೆಗೆ ಹೆಸರು ಬಂದದ್ದು ಹಾಗೆ.

ಹಾಲಿವುಡ್ಡಿಗೆ ಇದರ ಮೇಲೆ ಮೊದಲೇ ಕಣ್ಣಿತ್ತು. ಆದರೆ ಚಿತ್ರೋದ್ಯಮ ತಾನೇ ನೇಮಿಸಿಕೊಂಡಿದ್ದ ನೀತಿಪಾಲನೆಯ ಕಚೇರಿ 1935ರಲ್ಲಿಯೇ, ಕಥೆ ಅಚ್ಚಾಗುವ ಮುನ್ನವೇ, ಇದು ತೆರೆಗೆ ತಕ್ಕುದಲ್ಲವೆಂದು ತಡೆಯಿತು. ಕೆಲ ವರ್ಷಗಳ ಅನಂತರ ನಿರ್ದೇಶಕ ಬಿಲ್ಲಿ ವೈಲ್ಡರ್ ಅದನ್ನು ಕೈಗೆತ್ತಿಕೊಂಡು, ಚಿತ್ರಕಥೆಗೆ ಜತೆಗಾರರಾಗಿ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಅವರನ್ನು ಕರೆಸಿದರು. ಚಾಂಡ್ಲರ್ ಅದುವರೆಗೆ ಸಿನಿಮಾಕ್ಕೆ ಬರೆದವರಲ್ಲ. ಇಬ್ಬರಿಗೂ ಹೊಂದಿಕೆಯಾಗಲಿಲ್ಲ, ಜಗಳದ ನಡುವೆಯೇ ಕೆಲಸ ಸಾಗಿತು.

ಕೇನ್ ಅವರ ಸಂಭಾಷಣೆಯನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂಬುದು ವೈಲ್ಡರರ ಆಸೆ. ಓದುವಾಗ ಅದು ಅಷ್ಟು ಚುರುಕು, ಅಷ್ಟು ಸಹಜ. ಆದರೆ ಒಂದಿಬ್ಬರು ನಟರನ್ನು ಕರೆಸಿ ಪುಸ್ತಕದ ಒಂದು ಸನ್ನಿವೇಶವನ್ನು ಹಾಗೆಯೇ ಆಡಿಸಿ ನೋಡಿದಾಗ ಮಾತೆಲ್ಲ ಸಪ್ಪೆಯಾಯಿತು. ಆ ಮಾತು ಬರೆದದ್ದು ಕಣ್ಣಿಗೆ, ಕಿವಿಗಲ್ಲ! 1944ರಲ್ಲಿ ಚಾಂಡ್ಲರ್ ಈ ಸಂಗತಿಯನ್ನು ಸ್ವತಃ ಕೇನ್ ಅವರಿಗೇ ಪತ್ರದಲ್ಲಿ ತಿಳಿಸಿದರು. ಪ್ರಸಂಗದ ಪುಸ್ತಕ ಕೈಯಲ್ಲಿದ್ದ ಮಾತ್ರಕ್ಕೆ ಅರ್ಥಗಾರಿಕೆ ಬಾರದೆಂದು ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂತ್ಯವೂ ಬದಲಾಯಿತು. ಕಾದಂಬರಿಯಲ್ಲಿ ಇಬ್ಬರೂ ಹಡಗೇರಿ ತಪ್ಪಿಸಿಕೊಂಡು, ಕೊನೆಗೆ ಕಡಲಿಗೆ ಹಾರಲು ನಿಶ್ಚಯಿಸುತ್ತಾರೆ. ಚಿತ್ರದಲ್ಲಿ ಅವಳ ಗುಂಡು ತಾಗಿದ ಏಜೆಂಟ್ ಅವಳನ್ನು ಕೊಂದು, ನಡುರಾತ್ರಿ ಕಚೇರಿಗೆ ಬಂದು, ಧ್ವನಿಮುದ್ರಣ ಯಂತ್ರದ ಮುಂದೆ ತಪ್ಪೊಪ್ಪಿಕೊಳ್ಳುತ್ತಾನೆ. ಅವನಿಗೆ ಮರಣದಂಡನೆಯಾಗುವ ದೃಶ್ಯವನ್ನೂ ವೈಲ್ಡರ್ ಚಿತ್ರಿಸಿದ್ದರು. ಮತ್ತೆ ಅದನ್ನು ಕತ್ತರಿಸಿ ಎಸೆದರು. ಖರ್ಚಿನ ಮುಖ ನೋಡದೆ ಹೀಗೆ ಎಸೆಯಬಲ್ಲ ನಿರ್ದೇಶಕರು ಎಷ್ಟು ಮಂದಿ?

1944ರಲ್ಲಿ ತೆರೆಕಂಡ ಈ ಚಿತ್ರ ಏಳು ಆಸ್ಕರ್‌ಗಳಿಗೆ ನಾಮಕರಣಗೊಂಡರೂ ಒಂದೂ ದಕ್ಕಲಿಲ್ಲ. ನಮಗೆ ಮರೆಯಲಾಗದ್ದು ಒಂದು ಬೆಂಕಿಕಡ್ಡಿ. ವಿಮಾ ಕಂಪೆನಿಯ ತನಿಖೆಗಾರ ಕೀಸ್‌ನ ಬಳಿ ಎಂದೂ ಬೆಂಕಿಪೊಟ್ಟಣವಿರುವುದಿಲ್ಲ; ಅವನ ಚುಟ್ಟಾಕ್ಕೆ ಏಜೆಂಟನೇ ಉಗುರಿನಿಂದ ಕಡ್ಡಿ ಗೀರಿ ಕಿಚ್ಚು ಹಚ್ಚುತ್ತಿರುತ್ತಾನೆ. ಕೊನೆಗೆ ಬಾಗಿಲ ಬಳಿ ಕುಸಿದ ಏಜೆಂಟನ ಕೈಯಲ್ಲಿ ಕಡ್ಡಿ ಗೀರುವ ತ್ರಾಣವಿಲ್ಲ. ಅವನನ್ನು ಹಿಡಿದುಕೊಡಬೇಕಾದ ಕೀಸ್ ಬಾಗಿ, ಆ ಕಡ್ಡಿಯನ್ನು ತಾನೇ ಗೀರಿ ಅವನ ಸಿಗರೇಟು ಹೊತ್ತಿಸುತ್ತಾನೆ.