ಬದಲಿ ಘಟಕದ ಹೊಣೆ

ಬೆಂಗಳೂರಿನ ಜಯನಗರಕ್ಕೆ ತಾಗಿಕೊಂಡಿರುವ ತಿಲಕ್ ನಗರದಲ್ಲಿ ನಲ್ಲಿಯನ್ನು ತಿರುಗಿಸಿದಾಗ ಬರುವ ನೀರು ಕಾವೇರಿಯದು. ಆದರೆ ಆ ನದಿ ನಗರದ ಸಮೀಪದಲ್ಲೆಲ್ಲಿಯೂ ಹರಿಯುವುದಿಲ್ಲ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ನದಿಯ ನೀರನ್ನು ಶುದ್ಧಗೊಳಿಸಿ, ಸುಮಾರು 100 ಕಿಲೋಮೀಟರ್ ದೂರ ಕೊಳವೆಗಳಲ್ಲಿ ಸಾಗಿಸಿ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ನಗರಕ್ಕೆ ತರಲಾಗುತ್ತದೆ. ಇಷ್ಟು ಎತ್ತರಕ್ಕೆ ನೀರನ್ನು ಒಂದೇ ಸಲ ಏರಿಸುವುದು ಸುಲಭವಲ್ಲ. ಆದ್ದರಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಸ್ಥಳಗಳ ಪಂಪ್ ಮನೆಗಳು ಒಂದರಿಂದ ಇನ್ನೊಂದಕ್ಕೆ ನೀರನ್ನು ದಾಟಿಸುತ್ತವೆ. 1964ರಲ್ಲಿ ಬೆಂಗಳೂರು ಜಲಮಂಡಳಿ ಸ್ಥಾಪನೆಯಾಯಿತು. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತ ಪೂರ್ಣಗೊಂಡಿತು. 2024ರಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ತರುವ ಉದ್ದೇಶದ್ದು.

ಮೂರು ಪಂಪ್ ಮನೆಗಳು ಸರಪಣಿಯ ಮೂರು ಕೊಂಡಿಗಳಂತೆ. ಕೆಳಗಿನ ಮನೆ ನೀರನ್ನು ಕಳುಹಿಸುತ್ತಿರುವಾಗ ಮೇಲಿನ ಮನೆಯ ಪಂಪುಗಳು ನಿಂತರೆ ಅಲ್ಲಿನ ತೊಟ್ಟಿ ತುಂಬಿ ಹರಿಯುತ್ತದೆ. ಕೆಳಗಿನ ಮನೆ ನಿಂತು ಮೇಲಿನದು ನಡೆಯುತ್ತಿದ್ದರೆ ತೊಟ್ಟಿ ಬರಿದಾಗಿ, ನೀರಿಲ್ಲದೆ ತಿರುಗುವ ಪಂಪು ಕೆಡುತ್ತದೆ. ಆದುದರಿಂದ ಇಂತಹ ಏರ್ಪಾಡಿನಲ್ಲಿ ನೀರು ಹರಿಯುವಷ್ಟೇ ಅಗತ್ಯವಾಗಿ ಸುದ್ದಿಯೂ ಹರಿಯಬೇಕು. ತೊಟ್ಟಿಯಲ್ಲಿ ನೀರೆಷ್ಟಿದೆ, ಎಷ್ಟು ಪಂಪುಗಳು ನಡೆಯುತ್ತಿವೆ, ಕೊಳವೆಯಲ್ಲಿ ಒತ್ತಡವೆಷ್ಟು ಎಂಬ ಸಂಗತಿಗಳು ಒಂದೆಡೆಯಿಂದ ಇನ್ನೊಂದೆಡೆಗೆ ಎಡೆಬಿಡದೆ ತಲುಪುತ್ತಿರಬೇಕು.

ಇಂತಹ ಸುದ್ದಿಯನ್ನು ದೂರವಾಣಿಯಲ್ಲಿ ಹೇಳಿ, ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಹಿಂದೆ ಕೈಗಾರಿಕೆಗಳಲ್ಲಿ ಸಾಮಾನ್ಯವಾಗಿತ್ತು. ಬರಬರುತ್ತ ಈ ಕೆಲಸವನ್ನು ಎಲೆಕ್ಟ್ರಾನಿಕ್ ನಿಯಂತ್ರಕಗಳು ವಹಿಸಿಕೊಂಡವು. ಅಮೆರಿಕದಲ್ಲಿ ಡಿಕ್ ಮಾರ್ಲಿ ಮತ್ತು ಅವರ ಸಂಗಡಿಗರು 1968-69ರ ಸುಮಾರಿಗೆ ಮಾಡಿಕಾನ್ 084 ಎಂಬ ನಿಯಂತ್ರಕವನ್ನು ರೂಪಿಸಿದರು. ಕಾರು ತಯಾರಿಸುವ ಕಾರ್ಖಾನೆಗಳಲ್ಲಿ ನೂರಾರು ರಿಲೇಗಳೂ ತಂತಿಗಳೂ ಸೇರಿ ಮಾಡುತ್ತಿದ್ದ ಕೆಲಸವನ್ನು ಅದು ಆದೇಶಗಳ ಪಟ್ಟಿಯ ಮೂಲಕ ಮಾಡತೊಡಗಿತು. ಇಂದು ಪಿ.ಎಲ್.ಸಿ. ಎಂದು ಕರೆಯುವ ನಿಯಂತ್ರಕಗಳ ಮೊದಲಿಗರಲ್ಲಿ ಅದೂ ಒಂದು.

ಇಂತಹ ನಿಯಂತ್ರಕದಲ್ಲಿ ಹಲವು ಬಿಡಿ ಘಟಕಗಳು ಸಾಲಾಗಿ ಕುಳಿತಿರುತ್ತವೆ. ಒಂದು ವಿದ್ಯುತ್ತನ್ನು ಒದಗಿಸುತ್ತದೆ. ಒಂದು ಲೆಕ್ಕ ಹಾಕಿ ನಿರ್ಧರಿಸುತ್ತದೆ. ಇನ್ನೊಂದು ಹೊರಗಿನವರೊಡನೆ ಮಾತನಾಡುತ್ತದೆ. ಈ ಕೊನೆಯದನ್ನು ಕಾರ್ಖಾನೆಗಳಲ್ಲಿ ಕಮ್ಯುನಿಕೇಷನ್ ಮಾಡ್ಯೂಲ್ ಎಂದೇ ಕರೆಯುವುದು ವಾಡಿಕೆ. ನಾವು ಅದನ್ನು ಸಂಪರ್ಕ ಘಟಕ ಎನ್ನೋಣ. ನಿಯಂತ್ರಕಕ್ಕೆ ಅದೇ ಬಾಯಿ, ಅದೇ ಕಿವಿ. ಯಂತ್ರಗಳು ಪರಸ್ಪರ ಮಾತನಾಡಲು ಒಪ್ಪಿತವಾದ ಭಾಷೆಯೂ ಬೇಕು. 1979ರಲ್ಲಿ ಪ್ರಕಟವಾದ ಮಾಡ್‌ಬಸ್ ಅಂತಹ ಒಂದು ಭಾಷೆ. ಅದು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರಲ್ಲಿ ಪ್ರತಿಯೊಂದು ಉಪಕರಣಕ್ಕೂ 1ರಿಂದ 247ರವರೆಗಿನ ಒಂದು ಸಂಖ್ಯೆಯನ್ನು ಕೊಟ್ಟಿರುತ್ತಾರೆ. ತರಗತಿಯಲ್ಲಿ ಉಪಾಧ್ಯಾಯರು ಹಾಜರಿ ಕರೆಯುವಂತೆ ಮುಖ್ಯ ಯಂತ್ರವು ಒಂದೊಂದೇ ಸಂಖ್ಯೆಯನ್ನು ಕರೆಯುತ್ತದೆ. ಕರೆಸಿಕೊಂಡದ್ದು ಮಾತ್ರ ಉತ್ತರಿಸುತ್ತದೆ.

ಈ ಘಟಕವು ಕೆಟ್ಟರೆ ಏನಾಗುತ್ತದೆ? ಪಂಪು ಒಡನೆಯೇ ನಿಲ್ಲಬೇಕೆಂದೇನೂ ಇಲ್ಲ. ನಿಯಂತ್ರಕವು ತನಗೆ ತಿಳಿದಷ್ಟನ್ನು ಮಾಡುತ್ತಲೇ ಇರಬಹುದು. ಆದರೆ ಆ ಸ್ಥಳವು ಮೂಕವಾಗುತ್ತದೆ. ಇದಕ್ಕಿಂತಲೂ ಅಪಾಯಕರವಾದ ಸಂಗತಿಯೊಂದುಂಟು. ದೂರದ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಕೊನೆಯ ಸಲ ಬಂದ ಅಂಕಿ ಹಾಗೆಯೇ ಉಳಿದುಬಿಡಬಹುದು. ತೊಟ್ಟಿಯಲ್ಲಿ ನಾಲ್ಕು ಮೀಟರ್ ನೀರಿದೆ ಎಂದು ಪರದೆ ಹೇಳುತ್ತಿರುವಾಗ ನಿಜವಾಗಿ ಒಂದೇ ಮೀಟರ್ ಇರಬಹುದು. ಸುದ್ದಿ ಇಲ್ಲವೆಂದು ತಿಳಿದವನು ಎಚ್ಚರಗೊಳ್ಳುತ್ತಾನೆ. ಹಳೆಯ ಸುದ್ದಿಯನ್ನು ಹೊಸದೆಂದು ನಂಬಿದವನು ನಿಶ್ಚಿಂತನಾಗಿ ಕುಳಿತಿರುತ್ತಾನೆ. ಆದುದರಿಂದ ಬಲ್ಲ ತಂತ್ರಜ್ಞರು ಪ್ರತಿ ಕೆಲವು ಕ್ಷಣಗಳಿಗೊಮ್ಮೆ ಬದಲಾಗುವ ಒಂದು ಎಣಿಕೆಯನ್ನು ಸುದ್ದಿಯೊಡನೆ ಕಳುಹಿಸುತ್ತಾರೆ. ಎಣಿಕೆ ನಿಂತರೆ ಕರೆಗಂಟೆ ಬಾರಿಸುವಂತೆ ಏರ್ಪಡಿಸುತ್ತಾರೆ. ಅದು ನಾಡಿ ಹಿಡಿದು ನೋಡಿದಂತೆ.

ಕೆಟ್ಟ ಘಟಕವನ್ನು ತೆಗೆದು ಬೇರೊಂದನ್ನು ಕೂರಿಸಲು ಬದಲಿ ಘಟಕವು ಸಿದ್ಧವಾಗಿರಬೇಕು. ವಾಹನಗಳಲ್ಲಿ ಹೆಚ್ಚುವರಿ ಚಕ್ರವನ್ನು ನಾವು ಸ್ಟೆಪ್ನಿ ಎನ್ನುತ್ತೇವೆ. ಇಂಗ್ಲೆಂಡಿನ ನೆರೆಯ ವೇಲ್ಸ್ ನಾಡಿನ ಲನೆಥ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಇಂತಹ ಚಕ್ರಗಳ ತಯಾರಿಕೆ ಆರಂಭವಾದುದರಿಂದ ಆ ಹೆಸರು ನಿಂತಿತು. ಸ್ಟೆಪ್ನಿ ಇದೆಯೆಂದು ಧೈರ್ಯದಿಂದ ಹೊರಟವನು, ದಾರಿಯ ನಡುವೆ ಅದರಲ್ಲಿ ಗಾಳಿಯಿಲ್ಲವೆಂದು ಕಂಡರೆ ಏನು ಮಾಡಿಯಾನು? ಕಪಾಟಿನಲ್ಲಿರುವ ಘಟಕದ ಸಂಗತಿಯೂ ಹೀಗೆಯೇ. ಇರುವುದು ಬೇರೆ, ಸಿದ್ಧವಾಗಿರುವುದು ಬೇರೆ.

ಸುಮ್ಮನೆ ಕುಳಿತಿರುವ ಘಟಕಕ್ಕೂ ಶತ್ರುಗಳುಂಟು. ಮೊದಲನೆಯದು ತೇವ. ಅದು ಲೋಹದ ಸಂಧಿಗಳನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ಆದ್ದರಿಂದ ಘಟಕವನ್ನು ಮುಚ್ಚಿದ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುತ್ತಾರೆ. ನೀಲಿ ಬಣ್ಣದ ಸಿಲಿಕಾ ಜೆಲ್ ತೇವವನ್ನು ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದನ್ನು ಬದಲಾಯಿಸಬೇಕು. ಎರಡನೆಯದು ಸ್ಥಿರವಿದ್ಯುತ್. ಒಣ ಕೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವುದನ್ನು ನೀವು ನೋಡಿದ್ದೀರಿ. ನಡೆದಾಡುವ ಮನುಷ್ಯನ ಮೈಯಲ್ಲಿ ಹೀಗೆಯೇ ಸಾವಿರಾರು ವೋಲ್ಟುಗಳ ಆವೇಶ ಸೇರಬಲ್ಲದು. ಸುಮಾರು 3000 ವೋಲ್ಟುಗಳವರೆಗೆ ಅದು ನಮ್ಮ ಅರಿವಿಗೇ ಬಾರದು. ಆದರೆ ಕೆಲವು ಸೂಕ್ಷ್ಮ ಭಾಗಗಳು 100 ವೋಲ್ಟಿಗಿಂತ ಕಡಮೆಯ ಸ್ಪರ್ಶಕ್ಕೂ ಕೆಡುತ್ತವೆ. ಆದುದರಿಂದ ಘಟಕವನ್ನು ಮುಟ್ಟುವವರು ಭೂಮಿಗೆ ಜೋಡಿಸಿದ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಾರೆ.

ಮೂರನೆಯ ಶತ್ರು ಕಾಲ. ಘಟಕದೊಳಗಿನ ಕೆಲವು ಬಗೆಯ ಕೆಪಾಸಿಟರುಗಳಲ್ಲಿ ಅಲ್ಯೂಮಿನಿಯಮ್ ಆಕ್ಸೈಡಿನ ತೆಳುವಾದ ಪೊರೆಯೊಂದಿರುತ್ತದೆ. ಬಹುಕಾಲ ವಿದ್ಯುತ್ ಹರಿಯದಿದ್ದರೆ ಆ ಪೊರೆ ದುರ್ಬಲವಾಗುತ್ತದೆ. ಆಗಾಗ ವಿದ್ಯುತ್ತನ್ನು ಕೊಟ್ಟು ಪರೀಕ್ಷಿಸುವುದು ಆದುದರಿಂದ ಒಳ್ಳೆಯ ರೂಢಿ. ನಾಲ್ಕನೆಯದು ಬದಲಾವಣೆ. ಕೆಲಸ ಮಾಡುತ್ತಿರುವ ಘಟಕಗಳ ಒಳಗಿನ ಆದೇಶಗಳನ್ನು, ಎಂದರೆ ಫರ್ಮ್‌ವೇರನ್ನು, ಕಾಲಕಾಲಕ್ಕೆ ಹೊಸದುಮಾಡುತ್ತಾರೆ; ಕಪಾಟಿನಲ್ಲಿರುವುದು ಹಳೆಯದಾಗಿಯೇ ಉಳಿಯುತ್ತದೆ. ಬೇಕಾದ ದಿನ ಅದು ಜೊತೆಯವರ ಮಾತನ್ನು ಅರಿಯದಿರಬಹುದು. ಐದನೆಯದು ಮರೆವು. ಘಟಕದ ಸಂಖ್ಯೆ, ವೇಗ ಮುಂತಾದ ಹೊಂದಿಕೆಗಳನ್ನು ಬಲ್ಲವನೊಬ್ಬನೇ ಇದ್ದು, ಅವನು ವರ್ಗವಾಗಿ ಹೋದರೆ ಘಟಕವಿದ್ದೂ ಇಲ್ಲದಂತೆ. ಆ ವಿವರಗಳ ಎರಡು ಪ್ರತಿಗಳು ಎರಡು ಕಡೆ ಇರಬೇಕು. ಒಂದು ಕಾಗದದ ಮೇಲಿದ್ದರೆ ಇನ್ನೂ ಒಳಿತು.

ಇನ್ನು ಬದಲಾಯಿಸುವ ಕ್ರಮವನ್ನು ನೋಡೋಣ. ಮೊದಲು ದೋಷವು ಘಟಕದಲ್ಲಿಯೇ ಇದೆಯೆಂದು ನಿಶ್ಚಯಿಸಿಕೊಳ್ಳಬೇಕು. ಸಡಿಲಗೊಂಡ ತಂತಿಗಾಗಿ ಒಳ್ಳೆಯ ಘಟಕವನ್ನು ಕಿತ್ತುಹಾಕಬಾರದು. ಅನಂತರ ನಿಯಂತ್ರಣ ಕೊಠಡಿಗೆ ತಿಳಿಸಿ, ಕೆಲಸ ಮುಗಿಯುವವರೆಗೆ ಪಂಪಿನ ಬಳಿ ಒಬ್ಬರನ್ನು ನಿಲ್ಲಿಸಬೇಕು. ತಂತಿಗಳಿಗೆಲ್ಲ ಗುರುತುಚೀಟಿ ಕಟ್ಟಬೇಕು. ವಿದ್ಯುತ್ ಇರುವಾಗಲೇ ಘಟಕವನ್ನು ತೆಗೆಯಬಹುದೇ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಎಲ್ಲ ಘಟಕಗಳೂ ಅದನ್ನು ಸಹಿಸವು.

ಹೊಸ ಘಟಕಕ್ಕೆ ಹಳೆಯದರ ಸಂಖ್ಯೆಯನ್ನೇ ಕೊಡಬೇಕು. ತಪ್ಪಿ ನೆರೆಯ ಉಪಕರಣದ ಸಂಖ್ಯೆಯನ್ನು ಕೊಟ್ಟರೆ, ಹಾಜರಿಯಲ್ಲಿ ಒಂದೇ ಸಂಖ್ಯೆಗೆ ಇಬ್ಬರು ಕೂಗಿದಂತಾಗಿ ಯಾರ ಮಾತೂ ತಿಳಿಯದು. ಒಂದೇ ತಂತಿಯ ಮೇಲೆ ಹಲವು ಉಪಕರಣಗಳು ಮಾತನಾಡುವ ಆರ್.ಎಸ್. 485 ಪದ್ಧತಿಯಲ್ಲಿ ಇನ್ನೊಂದು ಎಚ್ಚರ ಬೇಕು. ತಂತಿಯ ಎರಡು ತುದಿಗಳಲ್ಲಿ ಸಾಮಾನ್ಯವಾಗಿ 120 ಓಮ್‌ಗಳ ರೋಧಕಗಳಿರುತ್ತವೆ. ಅವು ಇಲ್ಲದಿದ್ದರೆ ಸಂಕೇತವು ತುದಿಗೆ ಬಡಿದು ಹಿಂದಿರುಗುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದರ ಮೇಲೊಂದು ಪ್ರತಿಧ್ವನಿ ಎದ್ದಾಗ ಮಾತು ಕಲಸಿಹೋಗುವಂತೆ ಇಲ್ಲಿಯೂ ಸಂದೇಶ ಕಲಸಿಹೋಗುತ್ತದೆ. ತುದಿಯ ಘಟಕವನ್ನು ಬದಲಾಯಿಸುವಾಗ ಈ ರೋಧಕವನ್ನು ಮರೆಯುವಂತಿಲ್ಲ.

ಹಸಿರು ದೀಪ ಹೊತ್ತಿಕೊಂಡಿತೆಂದು ಕೆಲಸ ಮುಗಿಯಲಿಲ್ಲ. ತೊಟ್ಟಿಯ ಬಳಿ ನಿಂತು ಅಳತೆಗೋಲನ್ನು ಕಣ್ಣಾರೆ ನೋಡಿ, ದೂರದ ಪರದೆಯ ಅಂಕಿಯೊಡನೆ ಹೋಲಿಸಬೇಕು. ಎರಡೂ ಒಂದಾದಾಗಲೇ ಸಂಪರ್ಕ ಮರಳಿತೆಂದು ಹೇಳಬಹುದು. ಕೆಟ್ಟ ಘಟಕಕ್ಕೆ ದಿನಾಂಕವನ್ನೂ ದೋಷದ ಲಕ್ಷಣವನ್ನೂ ಬರೆದ ಚೀಟಿ ಅಂಟಿಸಿ ಬೇರೆಯಾಗಿ ಇಡಬೇಕು. ಒಳ್ಳೆಯವುಗಳ ಕಪಾಟಿಗೆ ಅದು ಸೇರಕೂಡದು. ಬದಲಿಯನ್ನು ಬಳಸಿದ ಕ್ಷಣದಿಂದ ಬದಲಿಯಿಲ್ಲ ಎಂಬುದನ್ನು ನೆನೆದು ಹೊಸದನ್ನು ಅಂದೇ ತರಿಸಲು ತೊಡಗಬೇಕು.

ತರಿಸುವುದೂ ಯಾವಾಗಲೂ ಸುಲಭವಲ್ಲ. ಪಂಪು, ಕೊಳವೆಗಳು ದಶಕಗಳ ಕಾಲ ಬಾಳುತ್ತವೆ. ಎಲೆಕ್ಟ್ರಾನಿಕ್ ಘಟಕಗಳ ಮಾದರಿಗಳೋ ಅದಕ್ಕಿಂತ ಬೇಗ ಮಾರುಕಟ್ಟೆಯಿಂದ ಮರೆಯಾಗುತ್ತವೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ 2002ರಲ್ಲಿ ತನ್ನ ಹಳೆಯ ಪರೀಕ್ಷಾ ಉಪಕರಣಗಳಿಗಾಗಿ 8086 ಎಂಬ ಹಳೆಯ ಚಿಪ್‌ಗಳನ್ನು ಹಳೆಯ ಸಾಮಾನುಗಳ ಮಾರಾಟದಲ್ಲಿ ಹುಡುಕಬೇಕಾಯಿತು. ಆಕಾಶಕ್ಕೆ ನೌಕೆಯನ್ನು ಕಳುಹಿಸುವವರಿಗೇ ಈ ಪಾಡಾದರೆ ಉಳಿದವರ ಮಾತೇನು? ಒಂದು ಮಾದರಿಯ ತಯಾರಿಕೆ ನಿಲ್ಲಲಿದೆ ಎಂಬ ಸುದ್ದಿ ಬಂದೊಡನೆ, ಬೇಕಾದಷ್ಟನ್ನು ಕೊಂಡಿಡುವುದೇ ಅಥವಾ ಏರ್ಪಾಡನ್ನೇ ಹೊಸದುಮಾಡುವುದೇ ಎಂದು ಆಗಲೇ ತೀರ್ಮಾನಿಸಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಬಾವಿಯನ್ನು ಮೊದಲೇ ತೋಡಿದ್ದರೂ ಸಾಲದು. ಅದರಲ್ಲಿ ನೀರಿದೆಯೇ, ಹಗ್ಗ ಗಟ್ಟಿಯಾಗಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಹೊಸದನ್ನು ಕಟ್ಟಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಕಟ್ಟಿದ್ದನ್ನು ಕಾಯುವವರ ಹೆಸರು ಯಾರಿಗೂ ತಿಳಿಯದು. ಅವರ ಕೆಲಸ ಚೆನ್ನಾಗಿ ನಡೆದಷ್ಟು ಕಾಲ ನಮಗೆ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದಂತೆ ನೋಡಿಕೊಳ್ಳುವುದೇ ಅವರ ಸಾಧನೆ.