ಚಿಗರಿಯ ಬೆನ್ನು ಹತ್ತುವ ಮುನ್ನ

ಶಿಕಾರಿ ಎಂಬ ಮಾತು ಬಿದ್ದರೆ ಸಾಕು, ಹುಡುಗರ ಕಿವಿ ನೆಟ್ಟಗಾಗುತ್ತವೆ. ಅಜ್ಜ ಹೇಳುವ ಹಳೆಯ ಕಥೆಯಲ್ಲಿ ಚಿಗರಿ ಇರುತ್ತದೆ, ನಾಯಿ ಇರುತ್ತದೆ, ನಸುಕಿನ ಚಳಿ ಇರುತ್ತದೆ. ಮೊಬೈಲ್ ತೆರೆದರೆ ಅಮೆರಿಕದ ಬೇಟೆಗಾರನೊಬ್ಬ ತನ್ನ ಬೆನ್ನಚೀಲ ಬಿಚ್ಚಿ ದುರ್ಬೀನು, ನೀರಿನ ಬಾಟಲಿ, ಬೂಟು, ಕಿತ್ತಳೆ ಬಣ್ಣದ ಮೇಲಂಗಿ ಎಂದು ಒಂದೊಂದನ್ನೇ ಎತ್ತಿ ತೋರಿಸುತ್ತಾನೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಳ್ಳಿ ಎನ್ನುತ್ತಾನೆ. ಕೊನೆಗೆ ಬಂದೂಕು ಎತ್ತಿಕೊಂಡು ನಡೆಯುತ್ತಾನೆ. ಇದನ್ನೆಲ್ಲ ನೋಡಿದ ಹತ್ತನೇ ಇಯತ್ತೆಯ ಹುಡುಗನಿಗೆ, ನಮ್ಮ ಮಡ್ಡಿಯಲ್ಲೂ ಹೀಗೊಂದು ಕೈ ನೋಡಬಹುದಲ್ಲ ಎನಿಸಿದರೆ ಆಶ್ಚರ್ಯವೇನಿಲ್ಲ.

ಆದರೆ ಅಲ್ಲಿಗೂ ಇಲ್ಲಿಗೂ ಇರುವ ಅಂತರವನ್ನು ಆ ಚಿತ್ರ ತಿಳಿಸುವುದಿಲ್ಲ. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಲೈಸೆನ್ಸ್ ಇದೆ, ಗೊತ್ತುಪಡಿಸಿದ ಋತು ಇದೆ. ನಮ್ಮ ಚಿಗರಿಯನ್ನೇ 1930ರ ದಶಕದಲ್ಲಿ ಟೆಕ್ಸಾಸ್‌ಗೆ ಒಯ್ದು ಬೆಳೆಸಿದ್ದಾರೆ. ಅಲ್ಲಿನ ಖಾಸಗಿ ರಾಂಚುಗಳಲ್ಲಿ ದುಡ್ಡು ಕೊಟ್ಟವರು ಅದನ್ನು ಹೊಡೆಯಬಹುದು. ಅದೇ ಪ್ರಾಣಿಯನ್ನು ಅದರ ತವರಿನಲ್ಲಿ ಮುಟ್ಟಿದರೆ ಜೈಲು.

ಹಾಗಾದರೆ ಬೇಟೆಗಾರನ ಆ ಚೀಲ, ಆ ಬುದ್ಧಿಮಾತು ನಮ್ಮ ಮಕ್ಕಳಿಗೆ ವ್ಯರ್ಥವೇ? ಖಂಡಿತ ಅಲ್ಲ. ಹಳೆಯ ಶಿಕಾರಿಯವನ ಕೆಲಸದಲ್ಲಿ ಗುಂಡು ಹಾರಿಸುವುದು ಒಂದು ಕ್ಷಣದ ಮಾತು. ಉಳಿದ ಹೊತ್ತೆಲ್ಲ ಹೆಜ್ಜೆ ಗುರುತಿಸುವುದು, ಗಾಳಿ ನೋಡುವುದು, ಕಾಣದ ಹಾಗೆ ಹತ್ತಿರ ಸಾಗುವುದು, ತಾಳ್ಮೆಯಿಂದ ಕೂಡುವುದು. ಈ ವಿದ್ಯೆಗೆ ಯಾವ ಕಾನೂನೂ ಅಡ್ಡಿ ಮಾಡಿಲ್ಲ. ಚಿಗರಿಯನ್ನು ಚೆನ್ನಾಗಿ ನೋಡಬೇಕೆನ್ನುವವನಿಗೆ ಅದು ಇಂದಿಗೂ ಬೇಕು.

ಮೊದಲು ಕಾನೂನು

ಪಾಲಕರು ಇದನ್ನು ಮಕ್ಕಳಿಗೆ ಓದಿ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ಮೊದಲನೆಯ ಅನುಸೂಚಿಯಲ್ಲಿದೆ. ಚಿಂಕಾರವೂ ಅಲ್ಲೇ ಇದೆ. ಇವುಗಳನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಸೆರೆಮನೆ; 2023ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿಯಂತೆ ದಂಡ ಕನಿಷ್ಠ 25,000 ರೂಪಾಯಿ. ಗುಂಡು ಹೊಡೆದರೆ ಮಾತ್ರ ಬೇಟೆ ಎಂದು ತಿಳಿಯಬಾರದು. ಉರುಲು ಹಾಕುವುದು, ಬಲೆ ಒಡ್ಡುವುದು, ನಾಯಿ ಬಿಟ್ಟು ಅಟ್ಟಿಸುವುದು, ವಿಷ ಇಡುವುದು ಎಲ್ಲವೂ ಬೇಟೆಯೇ. ಪ್ರಯತ್ನ ಮಾಡಿ ಕೈತಪ್ಪಿದರೂ ಅಪರಾಧವೇ. ‘ಕಾಕಾ ಕರೆದ, ಅದಕ್ಕೆ ಬ್ಯಾಟರಿ ಹಿಡಿದು ಹೋದೆ’ ಎಂಬ ಸಮಜಾಯಿಷಿ ಅರಣ್ಯ ಇಲಾಖೆಯವರ ಮುಂದೆ ನಡೆಯುವುದಿಲ್ಲ.

ಚಿತ್ರನಟ ಸಲ್ಮಾನ್ ಖಾನ್ ಪ್ರಕರಣ ಎಲ್ಲರಿಗೂ ಗೊತ್ತು. 1998ರ ಅಕ್ಟೋಬರಿನಲ್ಲಿ ಜೋಧಪುರದ ಬಳಿಯ ಕಾಂಕಾಣಿ ಗ್ರಾಮದಲ್ಲಿ ಎರಡು ಕೃಷ್ಣಮೃಗ ಹೊಡೆದ ಆರೋಪದಲ್ಲಿ ಅಲ್ಲಿನ ನ್ಯಾಯಾಲಯ 2018ರಲ್ಲಿ ಅವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಅವರು ಜಾಮೀನು ಪಡೆದು ಮೇಲ್ಮನವಿ ಸಲ್ಲಿಸಿದರು. ಇಪ್ಪತ್ತು ವರ್ಷ ಕೋರ್ಟು ಅಲೆಯುವುದು ಸಿನಿಮಾದವರಿಗೆ ಸಾಧ್ಯವಾಗಬಹುದು, ಕಾಲೇಜಿಗೆ ಹೋಗಬೇಕಾದ ಹುಡುಗನಿಗೆ ಅಲ್ಲ.

ಇನ್ನೊಂದು ಮಾತು. ಹಳೆಯ ವಾಡೆಗಳ ಗೋಡೆಯ ಮೇಲೆ ಸುರುಳಿ ಸುತ್ತಿದ ಚಿಗರಿ ಕೋಡುಗಳು ಇರುತ್ತವೆ. ಅವುಗಳಿಗೆ ಒಡೆತನದ ಪ್ರಮಾಣಪತ್ರ ಇರಲೇಬೇಕು. ಅಜ್ಜನ ಕಾಲದ್ದು ಎಂದು ಮಾರುವ ಹಾಗಿಲ್ಲ. ಅಡವಿಯಲ್ಲಿ ಬಿದ್ದ ಕೋಡು ಸಿಕ್ಕರೂ ಮನೆಗೆ ತರಬಾರದು.

ಅರಸರ ಶಿಕಾರಿ

ರಾಯಬಾಗದವರಿಗೆ ಚಿಗರಿ ಬೇಟೆಯ ಕಥೆ ದೂರದ್ದೇನಲ್ಲ. 1949ರವರೆಗೆ ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಅರಮನೆಯ ಚೀತಾ ಶಿಕಾರಿ ದೇಶಕ್ಕೇ ಹೆಸರಾದದ್ದು. ಕನ್ನಡದಲ್ಲಿ ಶಿವಂಗಿ ಎಂದೂ ಕರೆಯುವ ಚೀತಾವನ್ನು ಪಳಗಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಗಾಡಿಯ ಮೇಲೆ ಕೂಡಿಸಿ ಚಿಗರಿ ಹಿಂಡಿನ ಸಮೀಪಕ್ಕೆ ಒಯ್ಯುತ್ತಿದ್ದರು. ಹಿಂಡು ಕಂಡೊಡನೆ ಬಟ್ಟೆ ಬಿಚ್ಚಿ ಬಿಡುವುದು. ಮುಂದಿನದು ಒಂದು ನಿಮಿಷದೊಳಗಿನ ಓಟ. ದೇಶದ ಚೀತಾಗಳು ಮುಗಿಯುತ್ತ ಬಂದಾಗ ಕೊಲ್ಲಾಪುರದವರು ಆಫ್ರಿಕದಿಂದ ತರಿಸಿಕೊಂಡರು. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದಲ್ಲಿ ಮೂರು ಚೀತಾ ಗುಂಡಿಗೆ ಬಿದ್ದವು. 1952ರಲ್ಲಿ ಚೀತಾ ಭಾರತದಿಂದ ಅಳಿದುಹೋಯಿತೆಂದು ಸರಕಾರ ಸಾರಿತು. 2022ರಲ್ಲಿ ನಮೀಬಿಯಾದಿಂದ ತಂದು ಕುನೋ ಅಡವಿಯಲ್ಲಿ ಬಿಟ್ಟದ್ದು ಮತ್ತೊಂದು ಕಥೆ.

ಪಕ್ಕದ ಮುಧೋಳದಲ್ಲಿ ಚೀತಾದ ಬದಲು ನಾಯಿ. ತೆಳುಹೊಟ್ಟೆ, ಉದ್ದ ಕಾಲು, ಚೂಪು ಮೋರೆಯ ಮುಧೋಳ ನಾಯಿ ಬಯಲಿನಲ್ಲಿ ಬೇಟೆಯನ್ನು ಕಣ್ಣಿನಿಂದ ನೋಡಿ ಅಟ್ಟುವಂಥದು. ಅಲ್ಲಿನ ಘೋರ್ಪಡೆ ಅರಸರು ಈ ತಳಿಯನ್ನು ಬೆಳೆಸಿ ಇಂಗ್ಲೆಂಡಿನ ಅರಸ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳದ ಬಳಿಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲಾರೆವೆಂದು ಬ್ರಿಟಿಷರ ವಿರುದ್ಧ ಎದ್ದು ನಿಂತದ್ದು ಲಾವಣಿಯಾಗಿ ಉಳಿದಿದೆ. ಬಿಲ್ಲು, ಬಂದೂಕು ಅವರಿಗೆ ಹೊಟ್ಟೆಪಾಡೂ ಹೌದು, ಮಾನವೂ ಹೌದು. ಅರಸರ ಮೋಜಿನ ಶಿಕಾರಿಯನ್ನೂ ಬಡವನ ಶಿಕಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಬಂದೂಕಿಗಿಂತ ಹೆಚ್ಚಾಗಿ ಚಿಗರಿಯ ನೆಲೆ ಕೆಡಿಸಿದ್ದು ನೇಗಿಲು, ನೀರು. ಚಿಗರಿಗೆ ದಟ್ಟ ಕಾಡು ಬೇಡ. ಬಯಲು, ಹುಲ್ಲು, ದೂರದವರೆಗೆ ಕಣ್ಣು ಹಾಯುವ ಜಾಗ ಬೇಕು. ಘಟಪ್ರಭೆಯ ಕಾಲುವೆ ಬಂದಲ್ಲಿ ಕಬ್ಬಿನ ಪಡಗಳು ಎದ್ದವು, ಗಾಯರಾಣಗಳು ಕಿರಿದಾದವು. ಇದರಲ್ಲಿ ರೈತನ ತಪ್ಪೇನಿಲ್ಲ. ಹುಲ್ಲುಗಾವಲನ್ನು ‘ಬೀಳು’ ಎಂದು ಬರೆದಿಟ್ಟ ದಫ್ತರಗಳ ತಪ್ಪು ಇದೆ.

ಹತ್ತಿರ ಹೋಗುವ ವಿದ್ಯೆ

ಚಿಗರಿಯ ಮೊದಲ ಕಾವಲು ಅದರ ಕಣ್ಣು. ಅಗಲ ಬಯಲಿನಲ್ಲಿ ಅಲುಗುವ ಯಾವುದನ್ನೂ ಅದು ಬಿಡುವುದಿಲ್ಲ. ಹಿಂಡಿನಲ್ಲಿ ಒಂದು ಹೆಣ್ಣು ತಲೆ ಎತ್ತಿ ನಿಂತು, ನಾಲ್ಕೂ ಕಾಲು ನೆಲ ಬಿಟ್ಟು ಒಮ್ಮೆ ನೆಗೆದರೆ ಮುಗಿಯಿತು, ಇಡೀ ಹಿಂಡು ಓಟ ಕೀಳುತ್ತದೆ. ಹಳಬರು ಇದನ್ನು ಬಲ್ಲವರು. ಅವರು ಹಿಂಡಿನತ್ತ ಎಂದೂ ನೇರ ನಡೆಯುತ್ತಿರಲಿಲ್ಲ. ಬೇರೆಲ್ಲಿಗೋ ಹೊರಟವರಂತೆ ಓರೆಯಾಗಿ ಸಾಗುತ್ತ, ನಡುನಡುವೆ ನಿಲ್ಲುತ್ತ ಅಂತರ ಕಡಿಮೆ ಮಾಡುತ್ತಿದ್ದರು. ಎತ್ತಿನ ಗಾಡಿಗೆ ಚಿಗರಿ ಬೆದರುವುದಿಲ್ಲವೆಂದು ಕಂಡುಕೊಂಡು, ಗಾಡಿಯ ಮರೆಯಲ್ಲಿ ನಡೆಯುತ್ತಿದ್ದರು. ದಿನವೂ ಹೊಲಕ್ಕೆ ಬರುವ ಗಾಡಿ, ಎತ್ತು, ಕುರಿ ಕಾಯುವವ ಇವೆಲ್ಲ ಅದಕ್ಕೆ ಪರಿಚಿತ. ಅದೇ ಜನ ಗಾಡಿಯಿಂದಿಳಿದು ದಿಟ್ಟಿಸಿ ನೋಡತೊಡಗಿದರೆ ಸಂಶಯ. ಇಂದು ಜೀಪಿನಲ್ಲಿ ಕುಳಿತು ನೋಡುವವರಿಗೂ ಇದೇ ನಿಯಮ: ಇಳಿಯಬೇಡಿ, ಬೆರಳು ಮಾಡಿ ತೋರಿಸಬೇಡಿ.

ಗಾಳಿಯನ್ನೂ ನೋಡಿಕೊಳ್ಳಬೇಕು. ಒಂದು ಚಿಟಿಕೆ ಒಣ ಮಣ್ಣನ್ನು ಮೇಲಿಂದ ಬಿಟ್ಟರೆ ಅದು ತೇಲಿದ ದಿಕ್ಕು ಗೊತ್ತಾಗುತ್ತದೆ. ಗಾಳಿ ಪ್ರಾಣಿಯ ಕಡೆಯಿಂದ ನಿಮ್ಮ ಮುಖಕ್ಕೆ ಬೀಸುವಂತೆ ನಿಲ್ಲಿ. ಸೂರ್ಯ ನಿಮ್ಮ ಬೆನ್ನಿಗಿರಲಿ. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತರೆ ಹರದಾರಿ ದೂರದಿಂದಲೇ ಕಾಣುತ್ತೀರಿ. ನೆತ್ತಿಗಿಂತ ತುಸು ಕೆಳಗೆ ಕೂಡಬೇಕು. ನೂರು ಮೀಟರಿಗಿಂತ ಹತ್ತಿರ ಹೋಗುವ ಹಟ ಬೇಡ. ಪ್ರಾಣಿ ಮೇಯುವುದನ್ನು ಬಿಟ್ಟು ತಲೆ ಎತ್ತಿತೆಂದರೆ ನೀವು ಸಾಕಷ್ಟು ಹತ್ತಿರ ಬಂದಿದ್ದೀರಿ ಎಂದರ್ಥ.

ಚಿಗರಿಯ ಹೆಜ್ಜೆಯೂ ಆಡಿನ ಹೆಜ್ಜೆಯಂತೆ ಎರಡು ಹೋಳು, ಆದರೆ ಆಡಿನದಕ್ಕಿಂತ ಕಿರಿದು, ತುದಿ ಚೂಪು. ಗಂಡು ತನ್ನ ಸರಹದ್ದಿನಲ್ಲಿ ಒಂದೇ ಕಡೆ ಹಿಕ್ಕೆ ಹಾಕುತ್ತದೆ. ಅಂಥ ರಾಶಿ ಕಂಡರೆ ಯಜಮಾನ ಸಮೀಪದಲ್ಲೇ ಇದ್ದಾನೆಂದು ತಿಳಿಯಬೇಕು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಸುರುಳಿ ಕೋಡಿನವನೇ ಅವನು. ಹೆಣ್ಣುಗಳು, ಎಳೆಯ ಗಂಡುಗಳು ಕಂದು. ನಿಜ ಹೇಳಬೇಕೆಂದರೆ ಚಿಗರಿ ಜಿಂಕೆಯ ಜಾತಿಯೇ ಅಲ್ಲ. ಚುಕ್ಕೆ ಜಿಂಕೆ, ಕಡವೆಗಳ ಕೊಂಬು ಕವಲೊಡೆಯುತ್ತವೆ, ಉದುರಿ ಮತ್ತೆ ಹುಟ್ಟುತ್ತವೆ. ಚಿಗರಿಯ ಕೋಡಿಗೆ ಕವಲಿಲ್ಲ, ಅದು ಉದುರುವುದೂ ಇಲ್ಲ. ಪರೀಕ್ಷೆಯಲ್ಲಿ ಕೇಳಬಹುದಾದ ಪ್ರಶ್ನೆ!

ಚೀಲದಲ್ಲಿ ಏನೇನಿರಬೇಕು?

ಬಟ್ಟೆಯಿಂದ ಶುರು ಮಾಡೋಣ. ಒಣಹುಲ್ಲಿನ, ಮಣ್ಣಿನ ಬಣ್ಣದ ಹಳೆಯ ಅಂಗಿ ಎಲ್ಲಕ್ಕಿಂತ ಒಳ್ಳೆಯದು. ಅಮೆರಿಕದವರು ಕಿತ್ತಳೆ ಬಣ್ಣ ಹಾಕುವುದು ಒಬ್ಬರನ್ನೊಬ್ಬರು ಹೊಡೆದುಕೊಳ್ಳದಿರಲೆಂದು. ಜಿಂಕೆಗಳ ಕಣ್ಣಿಗೆ ಆ ಬಣ್ಣ ಮಂಕು. ನೀಲಿ ಮಾತ್ರ ಅವಕ್ಕೆ ಎದ್ದು ಕಾಣುತ್ತದೆ. ಬಿಳಿಯಂತೂ ಬಯಲಿನಲ್ಲಿ ದೀಪ ಹಚ್ಚಿದ ಹಾಗೆ. ಆದ್ದರಿಂದ ನೀಲಿ ಹಾಕಿ ಒಗೆದ ಬಿಳಿ ಯೂನಿಫಾರ್ಮಿನಲ್ಲಿ ಇಡೀ ತರಗತಿಯನ್ನು ಕರೆದೊಯ್ಯುವ ಶಾಲೆಗಳು ಚಿಗರಿಯ ಬೆನ್ನನ್ನಷ್ಟೇ ನೋಡಿ ಬರುತ್ತವೆ.

ಕಾಲಿಗೆ ಗೆಣ್ಣು ಮುಚ್ಚುವ ಬೂಟು ಬೇಕು, ಚಪ್ಪಲಿ ಬೇಡ. ಎರೆ ಭೂಮಿಯ ಬಿರುಕು, ಜಾಲಿಮುಳ್ಳು, ಹುಲ್ಲಿನೊಳಗಿನ ಕೊಳಕುಮಂಡಲ ಹಾವು, ಮೂರಕ್ಕೂ ಇದೇ ಉತ್ತರ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಕಾಲನ್ನು ಅಲುಗಿಸದೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ದುರ್ಬೀನು ಕೊಳ್ಳುವಾಗ ಅಂಗಡಿಯವ ಹೆಚ್ಚು ದೊಡ್ಡ ಸಂಖ್ಯೆ ತೋರಿಸಿ ಮರುಳು ಮಾಡಬಹುದು. 8×40 ಎಂದರೆ ಎಂಟು ಪಟ್ಟು ಹತ್ತಿರ, ಮುಂದಿನ ಗಾಜು 40 ಮಿಲಿಮೀಟರ್ ಅಗಲ. ಇದು ಧಾರಾಳ ಸಾಕು. ಹನ್ನೆರಡು, ಹದಿನಾರು ಪಟ್ಟಿನದರಲ್ಲಿ ಕೈನಡುಕವೂ ಅಷ್ಟೇ ಪಟ್ಟು ಹಿಗ್ಗಿ ಏನೂ ನಿಲ್ಲುವುದಿಲ್ಲ. ಮೊದಲು ಬರಿಗಣ್ಣಿನಿಂದ ಪ್ರಾಣಿಯನ್ನು ಹಿಡಿದು, ನೋಟ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರುವುದನ್ನು ಮನೆಯ ಮಾಳಿಗೆಯ ಮೇಲೆ ರೂಢಿ ಮಾಡಿಕೊಳ್ಳಿ. ಅದರಿಂದ ಸೂರ್ಯನನ್ನು ನೋಡಲೇಬಾರದು.

ಉಳಿದದ್ದು ಮನೆಯಲ್ಲೇ ಇರುತ್ತದೆ. ತಲೆಗೊಂದು ಟೋಪಿ, ತಲಾ ಎರಡು ಲೀಟರ್ ನೀರು, ರೊಟ್ಟಿ-ಶೇಂಗಾ ಚಟ್ನಿಯ ಬುತ್ತಿ, ಒಂದು ಸೀಟಿ, ನೋಟುಬುಕ್ಕು, ಪೆನ್ಸಿಲ್ಲು. ಪೆನ್ನಿಗಿಂತ ಪೆನ್ಸಿಲ್ಲು ಮೇಲು, ಇಬ್ಬನಿಗೆ ಅಳಿಸುವುದಿಲ್ಲ. ಹೆಜ್ಜೆಯ ಫೋಟೋ ತೆಗೆಯುವಾಗ ಪಕ್ಕಕ್ಕೊಂದು ಬೆಂಕಿಪೆಟ್ಟಿಗೆ ಇಟ್ಟರೆ ಅಳತೆ ತಿಳಿಯುತ್ತದೆ. ವಿಜ್ಞಾನ ಪ್ರದರ್ಶನಕ್ಕೆ ಬೇಕೆಂದರೆ ಹೆಜ್ಜೆಯ ಸುತ್ತ ರಟ್ಟಿನ ಬಳೆ ಇಟ್ಟು, ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಸುರಿದು, ಅರ್ಧ ತಾಸು ಬಿಟ್ಟು ಎತ್ತಬಹುದು. ಅಡವಿಯ ಕೋಡಿನಂತೆ ಇದಕ್ಕೆ ಯಾರ ಅಪ್ಪಣೆಯ ಚಿಂತೆಯೂ ಇಲ್ಲ, ನಿಮ್ಮೂರ ಹೊಲದ ಬದುವಿನಲ್ಲೇ ಆಡು, ನರಿಗಳ ಹೆಜ್ಜೆಯಿಂದ ಶುರು ಮಾಡಬಹುದು.

ಎಲ್ಲಿಗೆ ಹೋಗಬೇಕು?

ರಾಯಬಾಗದಿಂದ ಸಮೀಪದ್ದು ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಧಾಮ. ಬೀಳಗಿ, ಮುಧೋಳ ತಾಲೂಕುಗಳ ಕುರುಚಲು ಗುಡ್ಡಗಳಲ್ಲಿ ಸುಮಾರು 96 ಚದರ ಕಿಲೋಮೀಟರ್ ಹರಡಿದೆ. ಚಿಂಕಾರ ಚಿಗರಿಗಿಂತ ಚಿಕ್ಕದು, ನಾಚಿಕೆಯದು, ಕಂಡರೆ ಅದೃಷ್ಟ. ಚಿಗರಿಯನ್ನೇ ನೋಡಬೇಕೆಂದರೆ ಹುಬ್ಬಳ್ಳಿ ದಾಟಿ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿಗೆ ಹೋಗಬೇಕು. ರಾಯಬಾಗದ ರೈಲು ಹಳಿಯೇ ಬೆಳಗಾವಿ, ಹುಬ್ಬಳ್ಳಿಯ ಮೇಲಿಂದ ಅಲ್ಲಿಗೆ ಮುಟ್ಟುತ್ತದೆ. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರಿನ ಆ ಧಾಮ ಕೃಷ್ಣಮೃಗಕ್ಕೆಂದೇ ಇದೆ. ಎರಡೂ ಕಡೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ನವೆಂಬರಿನಿಂದ ಫೆಬ್ರವರಿವರೆಗೆ ಹಿತ. ಬೆಳಗಿನ ಒಂಬತ್ತರೊಳಗೆ, ಇಲ್ಲವೇ ಸಂಜೆ ನಾಲ್ಕರ ನಂತರ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟದ್ದು ಏಕೆಂದು ಅದರ ಓಟ ಕಂಡ ಮೇಲೆ ಯಾರೂ ಕೇಳಲಾರರು.

ಹಾಗೆ ಹೋದಾಗ ತಿನಿಸು ಎಸೆಯುವುದು, ಮುಟ್ಟಲು ಹೋಗುವುದು ಬೇಡವೇ ಬೇಡ. 2025ರ ನವೆಂಬರಿನಲ್ಲಿ ಬೆಳಗಾವಿ ಬಳಿಯ ಭೂತರಾಮನಹಟ್ಟಿ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಸುಮಾರು ಮೂವತ್ತು ಚಿಗರಿಗಳು ಸತ್ತವು. ಕಾರಣ ಗಳಲೆ ರೋಗ, ನಮ್ಮ ಎಮ್ಮೆ-ಎತ್ತುಗಳಿಗೆ ಬರುವ ಅದೇ ಬೇನೆ. ಮಳೆಗಾಲಕ್ಕೆ ಮುಂಚೆ ದನಗಳಿಗೆ ಚುಚ್ಚುಮದ್ದು ಹಾಕಿಸುವ ರೈತ ತನ್ನ ಹಟ್ಟಿಯ ಜೊತೆಗೆ ಹತ್ತಿರದ ಬಯಲಿನ ಪ್ರಾಣಿಯನ್ನೂ ಕಾಯುತ್ತಾನೆ.

ಕೊನೆಯದಾಗಿ, ಹುಲ್ಲಿನಲ್ಲೋ ಬೆಳೆಯ ಸಾಲಿನಲ್ಲೋ ಚಿಗರಿಯ ಮರಿಯೊಂದು ಒಂಟಿಯಾಗಿ ಮುದುಡಿ ಮಲಗಿದ್ದು ಕಂಡರೆ ಏನು ಮಾಡಬೇಕು? ಹುಡುಗರು ಕರುಣೆಯಿಂದ ಎತ್ತಿ ಮನೆಗೆ ತರುವುದುಂಟು. ತಾಯಿ ಬಿಟ್ಟುಹೋಗಿಲ್ಲ, ಮರಿಯನ್ನು ಅಡಗಿಸಿ ತಾನು ಮೇಯಲು ಹೋಗಿದೆ, ಹಾಲೂಡಿಸಲು ಮರಳಿ ಬರುತ್ತದೆ. ಜನ ಸುತ್ತ ನಿಂತರೆ ಅದು ಬರುವುದಿಲ್ಲ. ನಾಯಿಗಳನ್ನು ಕಟ್ಟಿಹಾಕಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಮರಿಗೆ ಗಾಯವಾಗಿದ್ದರೆ, ಉರುಲಿಗೆ ಸಿಕ್ಕಿದ್ದರೆ ಅಥವಾ ಬಾವಿಗೆ ಬಿದ್ದಿದ್ದರೆ ಮಾತ್ರ ಅರಣ್ಯ ಇಲಾಖೆಗೆ, ಇಲ್ಲವೇ 112ಕ್ಕೆ ಫೋನ್ ಮಾಡಿ ಅವರು ಬರುವವರೆಗೆ ದೂರದಲ್ಲಿ ಕಾಯಬೇಕು. ಹಸುವಿನ ಹಾಲು ಕುಡಿಸಬಾರದು.