ಮನೆಯಲ್ಲಿ ಎಷ್ಟು ಗ್ಯಾಸ್ ಸಿಲಿಂಡರ್ ಇಡಬಹುದು?

ಕಲ್ಯಾಣದುರ್ಗ: 2022ರ ಮೇ ತಿಂಗಳಲ್ಲಿ ಇಲ್ಲಿಗೆ ಹತ್ತಿರದ ಶೆಟ್ಟೂರು ಮಂಡಲದ ಮುಲಕಲೇಡು ಗ್ರಾಮದಲ್ಲಿ ಗ್ಯಾಸ್ ಸಿಲಿಂಡರ್ ಸ್ಫೋಟಗೊಂಡು, ಮನೆ ಕುಸಿದು ಒಂದೇ ಕುಟುಂಬದ ನಾಲ್ವರು ಮೃತಪಟ್ಟರು. ಅಷ್ಟಾದರೂ ಮನೆಯಲ್ಲಿ ಎಷ್ಟು ಸಿಲಿಂಡರ್ ಇಡಬಹುದು, ಅದಕ್ಕೆ ಪರವಾನಗಿ ಬೇಕೆ ಎಂಬ ಗೊಂದಲ ಗಡಿ ಹಳ್ಳಿಗಳಲ್ಲಿ ಇದ್ದೇ ಇದೆ.

ಅಡುಗೆ ಅನಿಲದ ನಿಯಮ ಕೇಂದ್ರ ಸರ್ಕಾರದ್ದು. ಹಾಗಾಗಿ ಹಿಂದೂಪುರಕ್ಕೂ ಪಾವಗಡಕ್ಕೂ ಒಂದೇ. ಒಂದು ಕುಟುಂಬಕ್ಕೆ ಒಂದೇ ಸಂಪರ್ಕ, 14.2 ಕೆ.ಜಿ.ಯ ಹೆಚ್ಚೆಂದರೆ ಎರಡು ಸಿಲಿಂಡರ್. ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಅವಲಂಬಿತ ತಂದೆ ತಾಯಿ, ಅಡುಗೆಮನೆ ಒಂದೇ. ಆಂಧ್ರದಲ್ಲೊಂದು, ಕರ್ನಾಟಕದಲ್ಲೊಂದು ಕಾರ್ಡ್ ಇದೆಯೆಂದು ಒಂದೇ ಅಡುಗೆಮನೆಗೆ ಎರಡು ಸಂಪರ್ಕ ಪಡೆಯುವಂತಿಲ್ಲ. ಊರು ಬದಲಾಯಿಸಿದವರು ಹಳೆಯ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ವರ್ಗಾವಣೆ ಪತ್ರ ಪಡೆಯಬೇಕು.

ಇಷ್ಟಕ್ಕೆ ಯಾವ ಪರವಾನಗಿಯೂ ಬೇಡ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಒಂದೆಡೆ ಒಟ್ಟು 100 ಕೆ.ಜಿ. ಮೀರಿದರೆ ಮಾತ್ರ ಲೈಸೆನ್ಸ್ ಬೇಕು. ಹೋಟೆಲಿನವರ ಲೆಕ್ಕದಲ್ಲಿ 19 ಕೆ.ಜಿ.ಯ ಐದು ಸಿಲಿಂಡರ್ ಎಂದರೆ 95 ಕೆ.ಜಿ.; ಆರನೆಯದು ಬಂದರೆ ಮಿತಿ ದಾಟಿತು. ಲೈಸೆನ್ಸ್ ನೀಡುವುದು ಅಗ್ನಿಶಾಮಕ ಠಾಣೆಯಲ್ಲ, ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ಮನೆಯ ಸಿಲಿಂಡರನ್ನು ಹೋಟೆಲಿಗೆ ಕೊಡುವುದು, ಅದರಿಂದ ಆಟೋಕ್ಕೆ ಗ್ಯಾಸ್ ತುಂಬುವುದು ಅಗತ್ಯ ವಸ್ತುಗಳ ಕಾಯ್ದೆಯಡಿ ಅಪರಾಧ.

ಅಗ್ನಿಶಾಮಕ ಇಲಾಖೆಯ ಎನ್‌ಒಸಿ ವಿಷಯ ಬೇರೆ. ಅದು ರಾಜ್ಯಗಳಿಗೆ ಸೇರಿದ್ದು. ಆಂಧ್ರದ 1999ರ ಕಾಯ್ದೆಯಂತೆ ವಾಸದ ಕಟ್ಟಡ 18 ಮೀಟರ್ ಮೀರಿದರೆ ಎನ್‌ಒಸಿ ಬೇಕು. ನಮ್ಮ ಹೆಂಚಿನ ಮನೆ, ಮಾಳಿಗೆ ಮನೆಗಳಿಗೆ ಆ ತಾಪತ್ರಯವಿಲ್ಲ! ಆದರೆ ಕಲ್ಯಾಣ ಮಂಟಪ, ಶಾಲೆಯಂಥ ಜನ ಸೇರುವ ಕಟ್ಟಡದ ನಿವೇಶನ 500 ಚದರ ಮೀಟರ್ ಇದ್ದರೆ ಅಥವಾ ಕಟ್ಟಡ 6 ಮೀಟರ್ ಎತ್ತರ ಮೀರಿದರೆ ಎನ್‌ಒಸಿ ಕಡ್ಡಾಯ.

ಪರವಾನಗಿ ಬೇಡವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮೇಲೆ ಹರಡುತ್ತದೆ. ಸೌದೆ ಒಲೆ, ಗ್ಯಾಸ್ ಒಲೆ ಎರಡೂ ಒಂದೇ ಕೋಣೆಯಲ್ಲಿರುವ, ಮೂಲೆಯಲ್ಲಿ ಕಡಲೆಕಾಯಿ ಚೀಲ ಪೇರಿಸಿದ ಮನೆಗಳಲ್ಲಿ ಇದೇ ದೊಡ್ಡ ಭಯ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಬಂದು 1906ಕ್ಕೆ ಕರೆ ಮಾಡಬೇಕು. ಬೆಂಕಿ ಹೊತ್ತಿದ್ದರೆ 101.

ಬಹಳ ಜನರಿಗೆ ತಿಳಿಯದ ಇನ್ನೊಂದು ವಿಷಯವಿದೆ. ತೈಲ ಕಂಪನಿಗಳು ಮಾಡಿಸಿರುವ ವಿಮೆಯಲ್ಲಿ ಅನಿಲ ಅವಘಡದಿಂದ ಸಾವು ಸಂಭವಿಸಿದರೆ ತಲಾ 6 ಲಕ್ಷ ರೂ., ಆಸ್ತಿ ನಷ್ಟಕ್ಕೆ ಗರಿಷ್ಠ 2 ಲಕ್ಷ ರೂ. ಪರಿಹಾರವಿದೆ. ಗ್ರಾಹಕರು ಕಂತು ಕಟ್ಟಬೇಕಿಲ್ಲ. ಆಸ್ತಿ ನಷ್ಟದ ಪರಿಹಾರ ಮಾತ್ರ ಸಂಪರ್ಕ ನೋಂದಾಯಿಸಿದ ವಿಳಾಸದ ಮನೆಗಷ್ಟೇ ಅನ್ವಯ. ಗಡಿಯಾಚೆಯ ನೆಂಟರ ಕಾರ್ಡಿನಲ್ಲಿ ತಂದ ಸಿಲಿಂಡರ್ ಇಲ್ಲಿ ಸಿಡಿದರೆ, ಆ ಮನೆಗೆ ಈ ಹಣ ಸಿಗುವುದಿಲ್ಲ. ಅವಘಡವಾದ ಕೂಡಲೇ ಏಜೆನ್ಸಿಗೆ ಲಿಖಿತವಾಗಿ ತಿಳಿಸಿ, ಪೊಲೀಸ್ ಠಾಣೆಯ ಎಫ್‌ಐಆರ್ ಪ್ರತಿ ಇಟ್ಟುಕೊಳ್ಳಬೇಕು.